ಬೆಳಗಿನ ಚಾಪೆ

“ಚಾಪೆ ಹಾಸಿದೀನಿ, ಬನ್ರೇ” ಎಂದು ದಾಕ್ಷಾಯಣಿ ನಡುಮನೆಯಿಂದ ಕೂಗಿದಳೆಂದರೆ ಭದ್ರಾವತಿಯ ಹೊಸಮನೆ ಬಡಾವಣೆಯಲ್ಲಿದ್ದ ಆ ಮನೆಯಲ್ಲಿ ಶಾಲೆ ಶುರುವಾಯಿತೆಂದೇ ಅರ್ಥ. ಅವಳ ಗಂಡ ಮಲ್ಲಿಕ್ ಶಿವಮೊಗ್ಗದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಅಂಗಡಿಗೆ ಹೊರಡುವ ಮುಂಚೆ ಅವನೂ ಒದ್ದೆ ತಲೆಯಲ್ಲೇ ಕಾಫಿ ಲೋಟ ಹಿಡಿದುಕೊಂಡು ಬಂದು ಕೂರಬೇಕು. ಆರು ವರ್ಷದ ಶರಣ್ಯಾ ಹೊದ್ದ ಹೊದಿಕೆಯನ್ನೇ ಎಳೆದುಕೊಂಡು ಬರುತ್ತಿದ್ದಳು. ಹನ್ನೊಂದು ತುಂಬಿದ ಸೌಂದರ್ಯ ಎಲ್ಲರಿಗಿಂತ ಕೊನೆಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಲಂಗ ಹರಡಿಕೊಂಡು ಕೂರುತ್ತಿದ್ದಳು.

ಮೊದಲು ಎಲ್ಲರೂ ಸೇರಿ ಒಂದು ವಚನ ಹಾಡುವುದು. ಆಮೇಲೆ ಪೇಪರು ಕೈಯಿಂದ ಕೈಗೆ ಹೋಗುವುದು. ಒಬ್ಬೊಬ್ಬರೂ ಒಂದೊಂದು ಸುದ್ದಿ ಓದುವುದು. ಆಮೇಲೆ ಮಲ್ಲಿಕ್ ಜೇಬಿನಿಂದ ಅಂಗಡಿಯ ಯಾವುದಾದರೂ ಸಾಮಾನು ತೆಗೆಯುತ್ತಿದ್ದ. ಒಂದು ದಿನ ಸವೆದ ಬೇರಿಂಗು, ಇನ್ನೊಂದು ದಿನ ಕಪ್ಪೆ ಸಿಕ್ಕಿ ನಿಂತುಹೋಗಿದ್ದ ಪಂಪಿನ ಕತೆ. ಕೊನೆಗೆ ದಾಕ್ಷಾಯಣಿ ಕತೆಪುಸ್ತಕ ತೆಗೆದು ಒಂದು ಅಧ್ಯಾಯ ಗಟ್ಟಿಯಾಗಿ ಓದುವಳು. ಅವಳು ಓದುವಾಗ ಬೀದಿಯಲ್ಲಿ ಹೂವಿನವಳು ಕೂಗಿದರೂ ಯಾರೂ ಏಳುತ್ತಿರಲಿಲ್ಲ. ಮದುವೆಗೆ ಮುಂಚೆ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡಿದ್ದ ಗಂಟಲು ಅವಳದು.

ಈ ಚಾಪೆ ಹುಟ್ಟಿದ್ದಕ್ಕೆ ಕಾರಣ ಸೌಂದರ್ಯ. ಅವಳಿಗೆ ಓದು ಹತ್ತಿರಲಿಲ್ಲ. ಬಾಯಲ್ಲಿ ಕೇಳಿದರೆ ಯಾವ ಪ್ರಶ್ನೆಗೂ ಉತ್ತರ ಕೊಡುವ ಹುಡುಗಿ, ಪುಸ್ತಕ ಕೈಗೆ ಕೊಟ್ಟರೆ ಮೂಕಿಯಾಗುತ್ತಿದ್ದಳು. ಅಕ್ಷರ ಓಡಾಡುತ್ತವೆ ಎನ್ನುತ್ತಿದ್ದಳು. ಶಾಲೆಯಲ್ಲಿ ತರಗತಿಯೆದುರು ಕೈಗೆ ಪುಸ್ತಕ ಕೊಟ್ಟು ನಿಲ್ಲಿಸುತ್ತಿದ್ದರು, ಮಕ್ಕಳು ನಗುತ್ತಿದ್ದರು. ನಾಲ್ಕನೇ ಕ್ಲಾಸಿನ ಒಂದು ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಬಾಗಿಲವರೆಗೆ ಬಂದ ಮಗು, ವಾಂತಿ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಿತು. ಆವತ್ತೇ ದಾಕ್ಷಾಯಣಿ ತೀರ್ಮಾನ ಮಾಡಿದ್ದಳು, ಇನ್ನು ನಾನೇ ಕಲಿಸುತ್ತೇನೆ ಎಂದು. ಶರಣ್ಯಾಳ ವಿಷಯ ಬೇರೆ. ಅವಳಿಗೆ ಅಕ್ಷರ ತಾವಾಗಿಯೇ ಬಂದು ಅಂಟಿಕೊಂಡಿದ್ದವು. ಅಕ್ಕ ಮನೆಯಲ್ಲಿದ್ದರೆ ತಾನೂ ಹೋಗುವುದಿಲ್ಲ ಎಂದು ಹಟ ಹಿಡಿದು ಅವಳೂ ಚಾಪೆಗೆ ಸೇರಿದಳು.

ಇದು ಸುತರಾಂ ಒಪ್ಪಿಗೆಯಾಗದಿದ್ದದ್ದು ಮಾವ ಮುರುಗೇಶಪ್ಪನವರಿಗೆ. ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದ ಮನುಷ್ಯ. “ಮನೇಲೇ ಸ್ಕೂಲು ಮಾಡೋದಾದ್ರೆ ಊರಿಗೊಂದು ಕಟ್ಟಡ ಯಾಕೆ ಕಟ್ಟಿಸ್ತಿದ್ರು?” ಎಂದು ಒಮ್ಮೆ ಹೇಳಿ, ಆಮೇಲೆ ಆ ಮಾತೇ ಎತ್ತಲಿಲ್ಲ. ಆದರೆ ಚಾಪೆಗೂ ಬರಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಮನೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಕತೆ ನಡೆಯುವಾಗ ಮಾತ್ರ ಅವರ ರೇಡಿಯೋ ಸದ್ದು ತಗ್ಗುತ್ತಿದ್ದುದನ್ನು ದಾಕ್ಷಾಯಣಿ ಗಮನಿಸಿದ್ದಳು.

ಕಾರ್ತಿಕದ ಆ ಸೋಮವಾರ ಏಳುವಾಗಲೇ ಅವಳ ತಲೆಯ ಹಿಂಭಾಗದಲ್ಲಿ ಎಡಕ್ಕೆ ಸಣ್ಣಗೆ ನೋಯುತ್ತಿತ್ತು. ಚಳಿಗಾಳಿಗೆ ನೆಗಡಿ ಇರಬೇಕೆಂದುಕೊಂಡಳು. ವಚನ ಹಾಡುವಾಗ ಕಣ್ಣಂಚಿನಲ್ಲಿ ಏನೋ ಮಿಂಚಿದಂತಾಯಿತು. ಯಾರೋ ಬೀದಿಯಲ್ಲಿ ಕನ್ನಡಿ ಹೊತ್ತುಕೊಂಡು ಹೋಗುತ್ತಿರಬೇಕು ಎನಿಸಿತು. ಎದ್ದು ಹೋಗಿ ಕರಿಹಲಗೆಯ ಮೇಲೆ ಆ ದಿನದ ವಾಕ್ಯ ಬರೆದಳು. ಸೀಮೆಸುಣ್ಣ ಹಲಗೆಯ ಮೇಲೆ ಸರಾಗವಾಗಿ ಓಡಿತು. ವಾಪಸು ಬಂದು ಕೂತಳು. ಮಲ್ಲಿಕ್ ಸುಟ್ಟುಹೋದ ತಾಮ್ರದ ಸುರುಳಿಯೊಂದನ್ನು ತಂದಿದ್ದ. ಅದು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಮೂಸಿ ನೋಡಿ ಮುಖ ಕಿವುಚಿದರು.

ಆಮೇಲೆ ದಾಕ್ಷಾಯಣಿ ಕತೆಪುಸ್ತಕ ತೆರೆದಳು.

ಗುರುತಿಗೆ ಇಟ್ಟಿದ್ದ ನವಿಲುಗರಿ ಅಲ್ಲೇ ಇತ್ತು. ಪುಟದ ಮೂಲೆಯಲ್ಲಿ ಶರಣ್ಯಾ ಚೆಲ್ಲಿದ್ದ ಹಾಲಿನ ಕಲೆಯೂ ಇತ್ತು. ಅಕ್ಷರಗಳು ಮಾತ್ರ ಬೇರೆಯಾಗಿದ್ದವು. ಸಾಲುಗಳಿದ್ದವು, ದುಂಡು ದುಂಡಾಗಿ, ಕೊಂಬು, ಸುಳಿಗಳೊಂದಿಗೆ ಅಚ್ಚುಕಟ್ಟಾಗಿ ಅಚ್ಚಾಗಿದ್ದವು. ಅವುಗಳಲ್ಲಿ ಒಂದೂ ಅವಳಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ತೆಲುಗು ಎಂದುಕೊಂಡಳು. ತೆಲುಗಾದರೆ ಅಲ್ಲೊಂದು ಇಲ್ಲೊಂದು ಅಕ್ಷರ ಹಿಡಿತಕ್ಕೆ ಸಿಗಬೇಕಿತ್ತು. ಇದು ಅದೂ ಅಲ್ಲ.

“ರೀ, ಯಾರ್ ಮಾಡಿದ್ದಿದು? ಇದ್ಯಾವ ಭಾಷೆ ಪುಸ್ತಕ?” ಎಂದಳು ನಗುತ್ತಲೇ.

“ಯಾವ್ದು?” ಮಲ್ಲಿಕ್ ಬಗ್ಗಿ ನೋಡಿದ. “ನಿನ್ನೆ ಓದಿದ್ದೇ ಕಣೇ.”

“ಇಲ್ಲ, ನೋಡಿ ಇಲ್ಲಿ.”

“ಏನ್ ನೋಡ್ಲಿ ಮಾರಾಯ್ತಿ? ಹೊಸ ಅಧ್ಯಾಯ ಇದೆ, ಓದು.”

ಶರಣ್ಯಾ ಅಮ್ಮನ ತೋಳಿನಡಿ ತಲೆ ತೂರಿಸಿ ಪುಸ್ತಕದ ಮೊದಲ ಸಾಲನ್ನು ಗಡಗಡ ಓದಿಬಿಟ್ಟಳು. ಕನ್ನಡದಲ್ಲಿ. ನಾವಿಕನೊಬ್ಬ ದಡ ಕಾಣದೆ ಕಂಗಾಲಾದ ಸಾಲು ಅದು. ದಾಕ್ಷಾಯಣಿ ಪುಟದ ಕಡೆ ನೋಡಿದಳು, ಮಗಳ ಬಾಯಿಯ ಕಡೆ ನೋಡಿದಳು, ಮತ್ತೆ ಪುಟದ ಕಡೆ ನೋಡಿದಳು.

ಪುಸ್ತಕ ಕೆಳಗಿಟ್ಟು ಪೇಪರು ಎತ್ತಿಕೊಂಡಳು. ಅದೂ ಹಾಗೇ ಇತ್ತು. ದೊಡ್ಡ ಅಕ್ಷರದ ತಲೆಬರಹ, ಅದರ ಕೆಳಗೆ ಯಾರದೋ ಮುಖ. ಮುಖ ಮನುಷ್ಯರದೆಂದು ಗೊತ್ತಾಗುತ್ತಿತ್ತು. ತಲೆಬರಹ ಇರುವೆ ಸಾಲಿನಂತಿತ್ತು. ಕತ್ತೆತ್ತಿ ಕರಿಹಲಗೆ ನೋಡಿದಳು. ಈಗಷ್ಟೇ ತಾನೇ ಬರೆದದ್ದು. ತನ್ನ ಕೈಯ ಬರವಣಿಗೆ ಎಂದು ಗುರುತಾಗುತ್ತಿತ್ತು, ಸೀರೆಯ ಅಂಚಿನ ನೇಯ್ಗೆ ಗುರುತಾದಂತೆ. ಏನು ಬರೆದಿದೆಯೆಂದು ಮಾತ್ರ ಗೊತ್ತಾಗಲಿಲ್ಲ.

“ಶರಣ್ಯಾ,” ಎಂದಳು. ದನಿ ಸಹಜವಾಗಿರಲೆಂದು ಬಹಳ ಎಚ್ಚರ ವಹಿಸಿದಳು. “ಹಲಗೆ ಮೇಲೆ ಏನಿದೆ ಓದು ಪುಟ್ಟಿ.”

“ಭದ್ರಾ ನದಿ ಮತ್ತು ತುಂಗಾ ನದಿ ಎಲ್ಲಿ ಸೇರುತ್ತವೆ,” ಎಂದಳು ಶರಣ್ಯಾ. “ಕೂಡಲಿಯಲ್ಲಿ. ನಂಗೊತ್ತು.”

ತಾನು ಬರೆಯಬೇಕೆಂದುಕೊಂಡದ್ದು ಅದೇ. ಕೈ ಅದನ್ನೇ ಬರೆದಿದೆ, ತಪ್ಪಿಲ್ಲದೆ. ದಾಕ್ಷಾಯಣಿ ಪೇಪರಿನ ಅಂಚಿನಲ್ಲಿ ಪೆನ್ನಿನಿಂದ ತನ್ನ ಹೆಸರು ಬರೆದಳು. ದಾಕ್ಷಾಯಣಿ. ಪೆನ್ನು ಎಲ್ಲೂ ತಡವರಿಸಲಿಲ್ಲ. ಬರೆದು ಮುಗಿಸಿ ನೋಡಿದರೆ ಯಾರೋ ಅಪರಿಚಿತರು ಗೀಚಿದ ಗೆರೆಗಳು ಅವಳತ್ತ ನೋಡುತ್ತಿದ್ದವು.

ಪೇಪರನ್ನು ತಟ್ಟನೆ ಮಡಿಚಿ ಕೆಳಗಿಟ್ಟಳು. ಬಲಗಡೆ ಇದ್ದ ಕಾಫಿ ಲೋಟಕ್ಕೆ ಕೈ ತಾಗಿ ಅದು ಉರುಳಿತು. ಲೋಟ ಅಲ್ಲಿದ್ದದ್ದೇ ಅವಳಿಗೆ ಕಂಡಿರಲಿಲ್ಲ.

“ಅಮ್ಮ ಇವತ್ತು ಹೊಸ ಆಟ ಆಡ್ತಿದಾಳೆ!” ಶರಣ್ಯಾ ಚಪ್ಪಾಳೆ ತಟ್ಟಿದಳು. ಮಲ್ಲಿಕ್ ಕೂಡ ನಕ್ಕ. ವಾರದ ಹಿಂದೆ ಮಕ್ಕಳಿಗೆ ಬ್ರೈಲ್ ಲಿಪಿಯ ಬಗ್ಗೆ ಹೇಳುವಾಗ ದಾಕ್ಷಾಯಣಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆ ತುಂಬ ಓಡಾಡಿದ್ದಳು. ಇದೂ ಅಂಥದ್ದೇ ಪಾಠ ಇರಬೇಕೆಂದು ಅವನು ಭಾವಿಸಿದ.

ಗೋಡೆಗೊರಗಿ ಕೂತಿದ್ದ ಸೌಂದರ್ಯ ಮಾತ್ರ ನಗಲಿಲ್ಲ. ಅವಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

“ಅಪ್ಪಾ, ಅಮ್ಮ ಆಟ ಆಡ್ತಿಲ್ಲ,” ಎಂದಳು.

“ಏನೇ?”

“ಅಮ್ಮಂಗೆ ಓದೋಕ್ ಬರ್ತಿಲ್ಲ. ಸುಮ್ನೆ ನಗ್ತಿದಾಳೆ. ನಾನೂ ಸ್ಕೂಲಲ್ಲಿ ಹಂಗೇ ನಗ್ತಿದ್ದೆ.”

ಚೆಲ್ಲಿದ ಕಾಫಿ ಚಾಪೆಯ ಹೆಣಿಗೆಯೊಳಗೆ ಇಳಿಯುತ್ತಿತ್ತು. ಮಲ್ಲಿಕ್ ಹೆಂಡತಿಯ ಬಲಗಡೆ ಬಂದು ಮಂಡಿಯೂರಿ ಭುಜ ಮುಟ್ಟಿದ. ಅವಳು ಹಾವು ಮುಟ್ಟಿದವಳಂತೆ ಬೆಚ್ಚಿಬಿದ್ದಳು. ಅವನು ಬಂದದ್ದೇ ಅವಳಿಗೆ ತಿಳಿದಿರಲಿಲ್ಲ.

“ನಿಮ್ಮ ಮುಖದ ಅರ್ಧ ಕಾಣ್ತಿಲ್ಲ ರೀ,” ಎಂದಳು ದಾಕ್ಷಾಯಣಿ. “ಬಲಗಡೆ ಏನೂ ಇಲ್ಲ. ಕತ್ತಲೂ ಇಲ್ಲ. ಏನೂ ಇಲ್ಲ.”

“ಕಣ್ಣಿಂದು ಇರ್ಬೇಕು. ಹತ್ತು ಗಂಟೆಗೆ ಕಣ್ಣಿನ ಡಾಕ್ಟ್ರು ಬರ್ತಾರೆ, ಹೋಗ್ಬರೋಣ. ಒಂಚೂರು ಮಲಕ್ಕೋ...”

ಜಗಲಿಯಲ್ಲಿ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಮುರುಗೇಶಪ್ಪ ಬಾಗಿಲಲ್ಲಿ ನಿಂತಿದ್ದರು. ಚಾಪೆ ಹಾಸಿದ ಹೊತ್ತಿನಲ್ಲಿ ಅವರು ಒಳಗೆ ಕಾಲಿಟ್ಟದ್ದು ಅದೇ ಮೊದಲು.

“ಮಲಗಿಸ್ಬೇಡ,” ಎಂದರು. “ಗಾಡಿ ತೆಗಿ.”

“ಅಪ್ಪಾ, ಕಣ್ಣಿನ...”

“ಕಣ್ಣಿಂದಲ್ಲ ಕಣೋ! ನಿಮ್ಮಮ್ಮ ಆವತ್ತು ತಟ್ಟೇಲಿ ಒಂದು ಕಡೆ ಅನ್ನ ಮಾತ್ರ ಉಂಡ್ಲು. ಇನ್ನೊಂದು ಕಡೇದು ಹಂಗೇ ಬಿಟ್ಟು, ಅನ್ನ ಇಷ್ಟೇನಾ ಅಂತ ಕೇಳಿದ್ಲು. ನಾನು ತಮಾಷೆ ಮಾಡ್ದೆ. ಬೆಳಿಗ್ಗೆ ನೋಡೋಣ ಅಂದೆ.” ಮೊಳೆಗೆ ನೇತುಹಾಕಿದ್ದ ಗಾಡಿಯ ಕೀಲಿ ತೆಗೆದು ಮಗನ ಕೈಗೆ ತುರುಕಿದರು. “ಬೆಳಿಗ್ಗೆಗೆ ತುಂಗಮ್ಮ ಎಲ್ಲಿದ್ಲು? ಗಾಡಿ ತೆಗಿ ಅಂದ್ನಲ್ಲ!”

ಅತ್ತೆ ತುಂಗಮ್ಮ ಲಕ್ವ ಹೊಡೆದು ತೀರಿಕೊಂಡದ್ದು ದಾಕ್ಷಾಯಣಿಗೆ ಗೊತ್ತಿತ್ತು. ಆದರೆ ಆ ತಟ್ಟೆಯ ಮಾತನ್ನು ಮಾವ ಯಾರ ಮುಂದೆಯೂ ಆಡಿದವರಲ್ಲ. ಲಕ್ವ ಎಂಬ ಪದ ಅವಳ ಎದೆಗೆ ಕಲ್ಲಿನಂತೆ ಬಡಿಯಿತು. ಕೈ ಎತ್ತಿ ನೋಡಿಕೊಂಡಳು, ಎದ್ದಿತು. ಕಾಲು ಬಗ್ಗಿಸಿದಳು, ಬಗ್ಗಿತು. ಬಾಯಿ ಸೊಟ್ಟಗಾಗಿರಲಿಲ್ಲ. ಎಲ್ಲ ಸರಿ ಇದೆ, ಅಕ್ಷರ ಮಾತ್ರ ಇಲ್ಲ. ಇಂಥ ಲಕ್ವ ಉಂಟೇ ಎಲ್ಲಾದರೂ?

ಮಲ್ಲಿಕ್‌ನ ಅಂಗಡಿಯ ವ್ಯಾನಿನಲ್ಲಿ ಪೈಪುಗಳ ನಡುವೆಯೇ ಎಲ್ಲರೂ ಹತ್ತಿದರು. ಬಿ.ಎಚ್. ರಸ್ತೆಯಲ್ಲಿ ಶಿವಮೊಗ್ಗದ ಕಡೆಗೆ ಮಲ್ಲಿಕ್ ಯಾವತ್ತೂ ಓಡಿಸದ ವೇಗದಲ್ಲಿ ಓಡಿಸಿದ. ದಾಕ್ಷಾಯಣಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಮದುವೆಯಾಗಿ ಬಂದಾಗಿನಿಂದ ನೋಡಿದ ರಸ್ತೆ ಅದು. ಸಾಲಾಗಿ ಬರುತ್ತಿದ್ದ ಅಂಗಡಿಗಳಲ್ಲಿ ಯಾವುದು ಬೇಕರಿ, ಯಾವುದು ಗೊಬ್ಬರದ ಅಂಗಡಿ ಎಂಬುದು ಬಾಗಿಲು, ಬಣ್ಣ ನೋಡಿಯೇ ತಿಳಿಯುತ್ತಿತ್ತು. ಅವುಗಳ ನೆತ್ತಿಯ ಮೇಲಿದ್ದ ಬೋರ್ಡುಗಳಲ್ಲಿ ಮಾತ್ರ ಯಾರೋ ಇಡೀ ಊರಿನ ಮಾತನ್ನು ಒರೆಸಿಹಾಕಿ ಬೇರೆ ಏನನ್ನೋ ತುಂಬಿದ್ದರು. ಇಂಗ್ಲಿಷು ಕೂಡ ಉಳಿದಿರಲಿಲ್ಲ. ಕಿಲೋಮೀಟರು ಕಲ್ಲಿನ ಮೇಲಿನ ಅಂಕಿ ಮಾತ್ರ ತಿಳಿಯಿತು. ಅದೊಂದು ತಿಳಿದದ್ದಕ್ಕೆ ಅವಳು ಮೊದಲ ಸಲ ಅತ್ತಳು.

ಪಕ್ಕದಲ್ಲಿ ಕೂತಿದ್ದ ಸೌಂದರ್ಯ ಅಮ್ಮನ ಕೈ ಬಿಡಲಿಲ್ಲ. “ಓಡಾಡ್ತಿದಾವಾ ಅಮ್ಮ?” ಎಂದು ಕಿವಿಯಲ್ಲಿ ಕೇಳಿದಳು.

“ಇಲ್ಲ ಮಗಾ. ಅಲ್ಲೇ ನಿಂತಿದಾವೆ. ನನ್ನ ಪರಿಚಯ ಇಲ್ಲದಂಗೆ ನಿಂತಿದಾವೆ.”

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳನ್ನು ನೇರ ಸ್ಕ್ಯಾನಿಂಗಿಗೆ ಕರೆದೊಯ್ದರು. ಡಾಕ್ಟರ್ ವಾದಿರಾಜ ಎಂಬ ನರರೋಗ ತಜ್ಞರು ಬಂದರು. ಮೆತ್ತಗೆ ಮಾತಾಡುವ, ಮಾತಿಗಿಂತ ಮುಂಚೆ ಕನ್ನಡಕ ಒರೆಸಿಕೊಳ್ಳುವ ಮನುಷ್ಯ. ಎದೆಗೆ ಸ್ಟೆತಸ್ಕೋಪ್ ಇಟ್ಟವರು ಅಲ್ಲೇ ಬಹಳ ಹೊತ್ತು ನಿಂತರು.

“ಚಿಕ್ಕವರಿದ್ದಾಗ ಕೀಲುನೋವು, ಜ್ವರ ಬಂದಿತ್ತಾ?”

“ಬಂದಿತ್ತು. ಶಾಲೆಗೆ ಹೋಗಕ್ಕಾಗ್ತಿರ್ಲಿಲ್ಲ ಆಗ. ಆಮೇಲೆ ಹೋಯ್ತು.”

“ಕೀಲಿಂದ ಹೋಗಿದೆ, ಹೃದಯದಲ್ಲಿ ಉಳ್ಕೊಂಡಿದೆ. ಒಂದು ಕವಾಟ ಕಿರಿದಾಗಿದೆ, ಬಡಿತ ತಾಳ ತಪ್ಪಿದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಒಂದು ಚೂರು ಮೆದುಳಿಗೆ ಹೋಗಿದೆ. ಹಿಂಭಾಗದಲ್ಲಿ, ಎಡಕ್ಕೆ.”

“ನಂಗೆ ಹುಚ್ಚು ಹಿಡೀತಿದ್ಯಾ ಡಾಕ್ಟ್ರೇ? ಬರೆಯೋಕೆ ಬರುತ್ತೆ, ಬರೆದದ್ದನ್ನ ಓದೋಕೆ ಬರಲ್ಲ.”

“ಹುಚ್ಚಲ್ಲಮ್ಮ. ಬರೆಯೋ ದಾರಿ ಬೇರೆ, ಓದೋ ದಾರಿ ಬೇರೆ. ಓದೋ ದಾರೀಲಿ ಸೇತುವೆ ಬಿದ್ದಿದೆ. ಹೊತ್ತಿಗೆ ಸರಿಯಾಗಿ ಬಂದಿದೀರ. ಕರಗಿಸೋ ಇಂಜೆಕ್ಷನ್ ಕೊಡ್ತೀನಿ. ಅದರಲ್ಲೂ ಅಪಾಯ ಇದೆ, ರಕ್ತಸ್ರಾವ ಆಗಬಹುದು. ಒಪ್ಪಿಗೆ ಬೇಕು.”

ನರ್ಸ್ ಹಾಳೆಯೊಂದನ್ನು ಮುಂದಿಟ್ಟಳು. ಹಾಳೆಯ ತುಂಬ ಒತ್ತೊತ್ತಾದ ಸಾಲುಗಳು. ಜೀವ ಹೋದರೂ ಹೋಗಬಹುದೆಂದು ಅದರಲ್ಲಿ ಎಲ್ಲೋ ಬರೆದಿರುತ್ತದೆ. ಎಲ್ಲಿ ಎಂದು ಅವಳಿಗೆ ಕಾಣುವುದಿಲ್ಲ. ನರ್ಸ್ ಬೆರಳಿಟ್ಟ ಜಾಗದಲ್ಲಿ ದಾಕ್ಷಾಯಣಿ ಸಹಿ ಹಾಕಿದಳು. ಶಾಲೆಯ ಮಕ್ಕಳ ಪ್ರಗತಿಪತ್ರಗಳ ಮೇಲೆ ಹಾಕುತ್ತಿದ್ದ ಅದೇ ಚೆಂದದ ಸಹಿ. ಅದನ್ನು ನೋಡಿ ಮಲ್ಲಿಕ್ ಗೋಡೆಯ ಕಡೆ ತಿರುಗಿ ನಿಂತ.

ಇಂಜೆಕ್ಷನ್ ಕೆಲಸ ಮಾಡಿತು, ಅರ್ಧ. ಸಂಜೆಯ ಹೊತ್ತಿಗೆ ಬಲಗಡೆಯ ಲೋಕ ಮಂಜಿನ ಹಿಂದಿನಿಂದ ಬಂದಂತೆ ತುಸು ತುಸುವೇ ಮರಳಿತು. ಮೊದಲು ಸಲೈನ್ ಸ್ಟ್ಯಾಂಡು, ಆಮೇಲೆ ಬಾಗಿಲು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಾವ. ಅಕ್ಷರ ಬರಲಿಲ್ಲ. ಔಷಧದ ಬಾಟಲಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮರುದಿನ ನೋಡಿದಳು. ಮನೆಗೆ ಕಳಿಸುವ ದಿನವೂ ನೋಡಿದಳು. ಕಾಯಬೇಕು, ಕೆಲವರಿಗೆ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ ಎಂದರು ಡಾಕ್ಟರು. ಕವಾಟವನ್ನು ಆಮೇಲೆ ಹಿಗ್ಗಿಸಬೇಕಾಗುತ್ತದೆ, ಅಲ್ಲಿಯವರೆಗೆ ರಕ್ತ ತೆಳುವಾಗಿಸುವ ಮಾತ್ರೆ ಒಂದು ದಿನವೂ ತಪ್ಪಿಸಬಾರದು ಎಂದರು.

ಮನೆಗೆ ಬಂದ ಮೇಲೆ ಅವಳು ಅಡುಗೆಮನೆಯ ಡಬ್ಬಿಗಳ ಮುಂದೆ ನಿಂತಳು. ತಾನೇ ಚೀಟಿ ಅಂಟಿಸಿದ ಡಬ್ಬಿಗಳು. ಒಂದೊಂದನ್ನೂ ತೆರೆದು, ಮೂಸಿ, ಮುಚ್ಚಿದಳು. ಪುಸ್ತಕದ ಕಪಾಟಿನ ಕಡೆ ಹೋಗಲಿಲ್ಲ. ಸತ್ತವರ ಕೋಣೆಯ ಮುಂದೆ ಹಾದುಹೋಗುವಂತೆ ಮುಖ ತಿರುಗಿಸಿಕೊಂಡು ಹೋದಳು.

ಎರಡು ದಿನದ ಮೇಲೆ ಮಲ್ಲಿಕ್ ಜಗಲಿಯಲ್ಲಿ ಅಪ್ಪನೊಂದಿಗೆ ಮಾತಾಡುತ್ತಿದ್ದುದು ಅವಳ ಕಿವಿಗೆ ಬಿತ್ತು.

“ಇಬ್ರನ್ನೂ ಸ್ಕೂಲಿಗೆ ಸೇರಿಸೋಕೆ ವಿಚಾರಿಸಿದೀನಿ ಅಪ್ಪ. ಅವಳಿಗೆ ಇನ್ನೂ ಹೇಳಿಲ್ಲ.”

ಅವಳು ಹೊರಗೆ ಬಂದಳು. “ಹೇಳೋದೇನಿದೆ?” ಎಂದಳು. “ಓದೋಕೆ ಬರದ ಟೀಚರ್ ಹತ್ರ ಮಕ್ಕಳು ಏನು ಕಲೀತಾರೆ? ಸೇರಿಸಿ.”

“ದಾಕ್ಷಾ, ನಾನು ಹಂಗಲ್ಲ...”

“ಹಂಗೇ. ನಾನು ಬೇಜಾರು ಮಾಡ್ಕೊಂಡಿಲ್ಲ.” ಹೇಳುವಾಗಲೇ ಕಣ್ಣು ತುಂಬಿ ಬಂತು. ಮುರುಗೇಶಪ್ಪ ಖುಷಿಪಡುತ್ತಾರೆ ಎಂದುಕೊಂಡು ಅವರ ಕಡೆ ನೋಡಿದಳು. ಅವರು ಎದ್ದು ಬೀದಿಗಿಳಿದು ನಡೆದುಬಿಟ್ಟರು.

ಮರುದಿನ ಬೆಳಿಗ್ಗೆ ಅವಳು ಹಾಸಿಗೆಯಲ್ಲೇ ಇದ್ದಳು. ನಡುಮನೆಯಿಂದ ಗದರಿದಂಥ ದನಿ ಕೇಳಿಸಿತು.

“ಚಾಪೆ ಹಾಸಿದೀನಿ. ಬನ್ರೇ!”

ಎದ್ದು ಬಂದು ನೋಡಿದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಾವ ಚಾಪೆಯ ನಡುವೆ, ಮಂಡಿನೋವಿನ ಕಾಲು ಮುಂದಕ್ಕೆ ಚಾಚಿಕೊಂಡು, ಪೇಪರು ಬಿಡಿಸಿ ಕೂತಿದ್ದರು. ಮಕ್ಕಳು ಕಣ್ಣು ಪಿಳಿಪಿಳಿ ಬಿಡುತ್ತ ಎದುರಿಗೆ ಕೂತಿದ್ದವು. ಮಲ್ಲಿಕ್ ಕಾಫಿ ಲೋಟ ಹಿಡಿದು ನಿಂತವನು ಹಾಗೇ ನಿಂತಿದ್ದ.

“ಏನ್ ನೋಡ್ತೀಯ? ಕೂತ್ಕೋ ಬಾರಮ್ಮ,” ಎಂದರು ಮುರುಗೇಶಪ್ಪ ಸೊಸೆಯ ಕಡೆ ನೋಡದೆ. “ಓದೋದು ನಾನು ಓದ್ತೀನಿ. ಪಾಠ ನಿಂದು. ಅದೇನು ನಿನ್ನ ತಲೇಲಿದ್ದದ್ದೆಲ್ಲ ಹೋಗಿದ್ಯಾ? ಅಕ್ಷರ ತಾನೇ ಹೋಗಿದ್ದು.”

ಮಾವ ಪೇಪರು ಓದಿದ ರೀತಿಯೋ, ಕಾರ್ಖಾನೆಯ ಪಾಳಿ ಬದಲಾಗುವಾಗ ಗಟ್ಟಿಯಾಗಿ ಹಾಜರಿ ಕರೆದಂತಿತ್ತು. ಅಡಿಕೆ ಧಾರಣೆಯನ್ನೂ ಅಪಘಾತವನ್ನೂ ಒಂದೇ ದನಿಯಲ್ಲಿ ಕೂಗಿದರು. ಶರಣ್ಯಾ ನಕ್ಕು ನಕ್ಕು ಚಾಪೆಯ ಮೇಲೆ ಹೊರಳಿದಳು. ದಾಕ್ಷಾಯಣಿ ಕೂತಳು. ಯಾವ ಊರಿನ ಸುದ್ದಿ ಬಂತೋ ಆ ಊರಿನ ಬಗ್ಗೆ ನಾಲ್ಕು ಮಾತು ಹೇಳಿದಳು. ಮಾತು ಬಂತು. ಹಾಗೆ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.

ಹೀಗೆ ಕೆಲವು ದಿನ ನಡೆಯಿತು. ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಪೇಪರು ಸೌಂದರ್ಯಳ ಸರದಿಗೆ ಬಂದಾಗ ದಾಕ್ಷಾಯಣಿ ಅವಳ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ಮುಂಚೆಲ್ಲ ಎದುರಿಗೆ ಕೂರುತ್ತಿದ್ದವಳು. ಸೌಂದರ್ಯ ನಿಧಾನವಾಗಿ, ತಡೆತಡೆದು ಒಂದು ತಲೆಬರಹ ಓದುತ್ತಿದ್ದಳು. ಅವಳ ಬಲಗೈ ಲಂಗದ ಮಡಿಕೆಯೊಳಗೆ ಅಡಗಿತ್ತು. ಆ ಮಡಿಕೆ ಅಲುಗುತ್ತಿತ್ತು.

ದಾಕ್ಷಾಯಣಿ ಮೆಲ್ಲಗೆ ಮಡಿಕೆ ಸರಿಸಿದಳು. ಮಗಳ ತೋರುಬೆರಳು ತೊಡೆಯ ಮೇಲೆ ಏನನ್ನೋ ಗೀಚುತ್ತಿತ್ತು. ಸಿಕ್ಕಿಬಿದ್ದವಳಂತೆ ಸೌಂದರ್ಯ ಬೆರಳನ್ನು ಮುಷ್ಟಿಯೊಳಗೆ ಎಳೆದುಕೊಂಡಳು.

“ಏನಿದು ಮಗಾ?”

“ಏನಿಲ್ಲ.”

“ಹೇಳೇ. ನಾನು ಬೈಯಲ್ಲ.”

ಸೌಂದರ್ಯ ತಾತನ ಕಡೆ, ಅಪ್ಪನ ಕಡೆ ನೋಡಿ ದನಿ ತಗ್ಗಿಸಿದಳು. “ನೋಡಿದ್ರೆ ನಂಗೆ ಗೊತ್ತಾಗಲ್ಲ ಅಮ್ಮ. ಮೊದ್ಲು ಅಕ್ಷರದ ಮೇಲೇ ಬೆರಳಲ್ಲಿ ಬರೀತಿದ್ದೆ. ಬರೆದ್ರೆ ಬೆರಳಿಗೆ ಗೊತ್ತಾಗುತ್ತೆ. ಸ್ಕೂಲಲ್ಲಿ ಮಿಸ್ ಬೆರಳಿಟ್ಟು ಓದಬಾರ್ದು ಅಂತ ಹೊಡೀತಿದ್ರು. ನೀನೂ ಬೆರಳು ತೆಗಿ, ಕಣ್ಣಲ್ಲಿ ಓದು ಅಂತಿದ್ದೆ. ಅದಕ್ಕೆ ಲಂಗದೊಳಗೆ ಬರೀತೀನಿ.”

“ಯಾವಾಗಿಂದ?”

“ಯಾವಾಗ್ಲೂ.”

ದಾಕ್ಷಾಯಣಿ ಆ ಮುಷ್ಟಿಯನ್ನೇ ನೋಡಿದಳು. ದಿನವೂ ಇದೇ ಚಾಪೆಯ ಮೇಲೆ, ತನ್ನ ಕಣ್ಣೆದುರೇ, ಈ ಮಗು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಓದುತ್ತಿತ್ತು. ಯಾವುದರಿಂದ ಪಾರು ಮಾಡುತ್ತೇನೆಂದು ಶಾಲೆ ಬಿಡಿಸಿ ತಂದಿದ್ದಳೋ ಅದನ್ನೇ ಮನೆಯೊಳಗೂ ಕೂರಿಸಿಕೊಂಡಿದ್ದಳು. ಮಗಳ ಮುಷ್ಟಿಯನ್ನು ಬಿಡಿಸಿ ಆ ಬೆರಳಿಗೆ ಮುತ್ತು ಕೊಟ್ಟಳು.

ಸೌಂದರ್ಯ ಆ ಬೆರಳನ್ನು ಬಿಡಿಸಿಕೊಂಡು ಅಮ್ಮನ ಬೆರಳನ್ನು ಹಿಡಿದಳು. ಪೇಪರಿನ ದೊಡ್ಡ ಅಕ್ಷರವೊಂದರ ಮೇಲಿಟ್ಟಳು. “ನೀನೂ ಮಾಡು. ಮೇಲಿಂದ ಶುರು ಮಾಡು. ಕಣ್ಣು ಬೇಕಾದ್ರೆ ಮುಚ್ಕೋ.”

“ನಂಗೆ ಬರಲ್ಲ ಮಗಾ.”

“ನಿಂಗೆ ಬರೆಯೋಕ್ ಬರುತ್ತಲ್ಲ ಅಮ್ಮ.”

ದಾಕ್ಷಾಯಣಿಯ ಬೆರಳು ಆ ಅಪರಿಚಿತ ಗೆರೆಯ ಹಿಂದೆ ಹೊರಟಿತು. ಒಂದು ಸುತ್ತು, ಮತ್ತೊಂದು ಸುತ್ತು, ಪಕ್ಕದಲ್ಲಿ ಮೇಲಕ್ಕೆದ್ದ ಕೊಂಬು. ಕಣ್ಣಿಗೆ ಅದು ಇನ್ನೂ ಏನೂ ಅಲ್ಲ. ಬೆರಳು ಮತ್ತೊಮ್ಮೆ ಹೋಯಿತು. ಮೂರನೆಯ ಸಲ ಸುತ್ತು ತಿರುಗುವಾಗ, ಮಣಿಕಟ್ಟಿನಿಂದ ತೋಳಿಗೆ, ತೋಳಿನಿಂದ ಎಲ್ಲಿಗೋ ಒಂದು ಝಳ ಹತ್ತಿದಂತಾಯಿತು. ಅವಳ ಬಾಯಿ ತಾನಾಗಿ ತೆರೆಯಿತು.

“ಮ,” ಎಂದಳು.

ಬೆರಳನ್ನು ಮತ್ತೊಮ್ಮೆ ಅದೇ ಸುತ್ತಿನ ಮೇಲೆ ಓಡಿಸಿದಳು.

“ಮ! ರೀ, ಇದು ಮ!” ಅವಳು ಚೀರಿದಳು. ಕೈಯನ್ನು ಕೆಂಡದಿಂದ ತೆಗೆದವಳಂತೆ ಹಿಂದೆಳೆದುಕೊಂಡು, ಪಕ್ಕದ ಅಕ್ಷರದ ಮೇಲಿಟ್ಟು ಓಡಿಸಿದಳು. “ಇದು ಳೆ. ಮಳೆ. ಮಳೆ ಅಂತ ಇದೆ!”

ಮಲ್ಲಿಕ್ ಲೋಟ ಕೆಳಗಿಡಲು ಹೋಗಿ ಜಾಗ ಸಿಗದೆ ಹಿಡಿದೇ ನಿಂತ. ಮುರುಗೇಶಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಲ್ಲಿ ಒರೆಸತೊಡಗಿದರು. ಆಮೇಲೆ ಕಣ್ಣನ್ನೂ ಒರೆಸಿಕೊಂಡರು. “ಮಳೆ ಅಂತಾನೇ ಇದೆ,” ಎಂದಳು ಶರಣ್ಯಾ, ಇದರಲ್ಲಿ ಇಷ್ಟು ಗಲಾಟೆ ಮಾಡುವಂಥದ್ದೇನಿದೆ ಎಂದು ತಿಳಿಯದೆ.

ಆಮೇಲಿನ ದಾರಿ ಸುಲಭದ್ದಾಗಿರಲಿಲ್ಲ. ಒಂದು ಸಾಲಿಗೆ ಅವಳ ತಲೆ ಸಿಡಿಯುತ್ತಿತ್ತು. ಒತ್ತಕ್ಷರ ಬಂದರೆ ಬೆರಳು ದಾರಿ ತಪ್ಪುತ್ತಿತ್ತು. ಕೆಲವು ದಿನ ಪೇಪರು ಎಸೆದು ಎದ್ದು ಹೋಗಿದ್ದೂ ಉಂಟು. ಆಗ ಸೌಂದರ್ಯ ಹಿಂದೆಯೇ ಹೋಗಿ, ಮುಂಚೆ ಅಮ್ಮ ತನ್ನನ್ನು ಕರೆತರುತ್ತಿದ್ದಂತೆ ತಾನೀಗ ಅಮ್ಮನನ್ನು ಕರೆತರುತ್ತಿದ್ದಳು. ಲಂಗದ ಮಡಿಕೆಯಿಂದ ಹುಡುಗಿಯ ಕೈ ಹೊರಗೆ ಬಂದಿತ್ತು. ಅಮ್ಮ ಮಗಳು ಒಂದೇ ಪುಟದ ಮೇಲೆ ಎರಡು ಬೆರಳಿಟ್ಟು ಓದುತ್ತಿದ್ದರು. ಎಷ್ಟೋ ಸಲ ಮಗಳೇ ಮುಂದಿರುತ್ತಿದ್ದಳು. ಶರಣ್ಯಾಳಿಗೆ ಈ ನಿಧಾನ ಸಹಿಸಲಾಗುತ್ತಿರಲಿಲ್ಲ. ಜೂನ್ ಬಂದಾಗ ಅವಳು ತಾನೇ ಶಾಲೆಗೆ ಹೋಗುತ್ತೇನೆಂದು ಹೊರಟಳು. ಬೆಳಿಗ್ಗೆ ಯೂನಿಫಾರ್ಮಿನಲ್ಲೇ ಚಾಪೆಗೆ ಬಂದು, ವಚನ ಹಾಡಿ, ಒಂದು ಸುದ್ದಿ ಓದಿ ಬಸ್ಸಿಗೆ ಓಡುತ್ತಿದ್ದಳು. ಸೌಂದರ್ಯಳನ್ನು ಕಳಿಸುವ ಮಾತನ್ನು ಮಲ್ಲಿಕ್ ಕೈಬಿಟ್ಟ.

ಕವಾಟ ಹಿಗ್ಗಿಸಿದ ಮೇಲೆ ದಾಕ್ಷಾಯಣಿ ತಪಾಸಣೆಗೆಂದು ಸೌಂದರ್ಯಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋದಳು. ಡಾಕ್ಟರ್ ವಾದಿರಾಜ ಪದಗಳಿದ್ದ ಕಾರ್ಡೊಂದನ್ನು ಮುಂದೆ ಹಿಡಿದರು. ಅವಳ ಬೆರಳು ಸೀರೆಯ ನೆರಿಗೆಯ ಮೇಲೆ ಓಡಾಡಿತು. “ಕೊಡೆ,” ಎಂದಳು. “ಬೀಗ. ಗುಬ್ಬಚ್ಚಿ.”

ಡಾಕ್ಟರು ಕನ್ನಡಕ ಒರೆಸಿಕೊಂಡರು. “ಬೆರಳಲ್ಲಿ ಬರೆದು ಓದೋದನ್ನ ನಾನೇ ಈ ಸಲ ಹೇಳಿಕೊಡೋಣ ಅಂತಿದ್ದೆ. ಯಾರು ಹೇಳಿದ್ರು?”

“ನಮ್ಮನೇಲಿ ಮೊದಲಿಂದ್ಲೂ ಒಬ್ರು ಹಂಗೇ ಓದ್ತಿದ್ರು ಡಾಕ್ಟ್ರೇ,” ಎಂದಳು ದಾಕ್ಷಾಯಣಿ. “ನಂಗೇ ಗೊತ್ತಿರ್ಲಿಲ್ಲ.”

ಹೊರಗೆ ಬಂದು ಖಾಸಗಿ ಬಸ್ ನಿಲ್ದಾಣದಲ್ಲಿ ನಿಂತರು. ಎದುರಿಗಿದ್ದ ಬಸ್ಸಿನ ಬೋರ್ಡನ್ನು ಅವಳು ಗಾಳಿಯಲ್ಲಿ ಬೆರಳಾಡಿಸಿ ಬಿಡಿಸಿದಳು. ಹೊ, ಳ, ಲೂ, ರು. ಹೊಳಲೂರು. ತಮ್ಮದಲ್ಲ. ಅಷ್ಟರಲ್ಲಿ ಅದರ ಹಿಂದೆ ಇನ್ನೊಂದು ಬಸ್ಸು ಬಂದು ನಿಂತಿತು. ಅವಳು ಬೆರಳೆತ್ತಿ ಮೊದಲ ಅಕ್ಷರ ಶುರು ಮಾಡಿದಳು. ಕಂಡಕ್ಟರ್ ಫುಟ್‌ಬೋರ್ಡಿನಿಂದಿಳಿದು ಅವಳ ಕಿವಿಯ ಹತ್ತಿರವೇ ಬಾಯಿ ತೆರೆದ.

“ಅಕ್ಕಾ, ಎಲ್ಲಿಗೆ? ಹತ್ತಿ, ಹತ್ತಿ, ಇದು...”

“ಸ್ವಲ್ಪ ತಡಿಯಪ್ಪಾ!” ದಾಕ್ಷಾಯಣಿ ಅವನತ್ತ ಕೈ ಅಡ್ಡ ಹಿಡಿದಳು. “ಹೇಳ್ಬೇಡ. ನಾನು ಓದ್ತಿದೀನಿ.”

ಕಂಡಕ್ಟರ್ ಬಾಯಿ ಮುಚ್ಚುವುದನ್ನೂ ಮರೆತು ನಿಂತ. ಸೌಂದರ್ಯ ತನ್ನ ಬೆರಳನ್ನೂ ಗಾಳಿಯಲ್ಲಿ ಎತ್ತಿದಳು.